ರುದ್ರಾಣಿ ಒತ್ತಿದ ಸೊನ್ನೆ

ಬಿಳಿಗೆರೆಯ ರುದ್ರಾಣಿಗೆ ಹಾವು ಕಂಡರೆ ಹೆದರಿಕೆಯಿರಲಿಲ್ಲ. ಆದರೆ ನಂಜನಗೂಡಿನ ಸಲೈನ್ ಕಾರ್ಖಾನೆಯಲ್ಲಿ ಒಂದು ಕಂಪ್ಯೂಟರ್ ಇತ್ತಲ್ಲ, ಅದರ ಮುಂದೆ ಕುಳಿತರೆ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಗುತ್ತಿತ್ತು. ೧೯೮೭ರ ಮಾತು. ಮದ್ರಾಸಿನಲ್ಲಿ ಯಾರೋ ಬಳಸಿ ಬಿಟ್ಟಿದ್ದ ಯಂತ್ರವನ್ನು ಲಾರಿಯಲ್ಲಿ ತರಿಸಿ, ಟೈಪಿಂಗ್ ಸೀನಿಯರ್ ಪಾಸಾಗಿದ್ದ ಇವಳನ್ನು ಅದರ ಮುಂದೆ ಕೂರಿಸಿದ್ದರು.

ಯಂತ್ರ ಒಂದೇ. ಒಳಗೆ ಮಾತ್ರ ಮೂರು ಬೇರೆ ಬೇರೆ ಯಂತ್ರಗಳಿರುವ ಹಾಗೆ ಅದನ್ನು ಪಾಲು ಮಾಡಿದ್ದರು: ಲ್ಯಾಬಿಗೊಂದು, ಆಫೀಸಿಗೊಂದು, ಗೋದಾಮಿಗೊಂದು. ಒಂದೊಂದು ಪಾಲಿಗೂ ಮದ್ರಾಸಿನ ಎಂಜಿನಿಯರ್ ‘ಗೆಸ್ಟ್’ ಅನ್ನುತ್ತಿದ್ದ. ಮೂವರು ಗೆಸ್ಟುಗಳಿಗೂ ಇದ್ದದ್ದು ಒಂದೇ ಡಿಸ್ಕು. ಅದರಲ್ಲಿ ಯಾರು ಎಷ್ಟು ಜಾಗ ಬಳಸಬಹುದೆಂದು ಮಿತಿ ಹಾಕುವುದು ರುದ್ರಾಣಿಯ ಕೆಲಸ. ಗೋದಾಮಿನವರು ಇನ್ನೂ ಶುರು ಮಾಡಿರಲಿಲ್ಲವಾದ್ದರಿಂದ ಅವರ ಮಿತಿಗೆ ಸೊನ್ನೆ ಒತ್ತಿ ನಿಶ್ಚಿಂತೆಯಾಗಿ ಮನೆಗೆ ಹೋಗಿದ್ದಳು. ಏನೂ ಕೊಡಬೇಡ ಅಂದರೆ ಸೊನ್ನೆ ತಾನೆ? ನೀವಾದರೂ ಅದನ್ನೇ ಒತ್ತುತ್ತಿದ್ದಿರಿ, ಸುಮ್ಮನೆ ನಗಬೇಡಿ.

ಸೋಮವಾರ ಮಧ್ಯಾಹ್ನ ನೋಡುತ್ತಾಳೆ, ಡಿಸ್ಕು ನೂರಕ್ಕೆ ತೊಂಬತ್ತೊಂದು ತುಂಬಿದೆ. ಬೆಳಿಗ್ಗೆ ಅರವತ್ತಿತ್ತು. ತಿನ್ನುತ್ತಿದ್ದವರು ಯಾರು? ಸೊನ್ನೆ ಹಾಕಿಸಿಕೊಂಡಿದ್ದ ಗೋದಾಮೇ. ಅಲ್ಲಿನ ಬೆಟ್ಟಸ್ವಾಮಿ ಹೊಸ ಪ್ರೋಗ್ರಾಮು ಓಡಿಸಿಟ್ಟು ಊಟಕ್ಕೆ ಎದ್ದುಹೋಗಿದ್ದ. ಅದನ್ನು ನಿಲ್ಲಿಸುವ ಗುಟ್ಟಿನ ಪದ ಅವನೊಬ್ಬನಿಗೇ ಗೊತ್ತು. ಗೋದಾಮಿಗೆ ಫೋನು ಮಾಡಿದಳು, ಯಾರೂ ಎತ್ತಲಿಲ್ಲ.

ಡಿಸ್ಕು ಪೂರ್ತಿ ತುಂಬಿದರೆ ಲ್ಯಾಬಿನ ಕಡತ ಬರೆಯುತ್ತಿದ್ದಂತೆಯೇ ತುಂಡಾಗಿ ಹಾಳಾಗುತ್ತದೆ, ಸ್ವಿಚ್ಚು ಆರಿಸಿದರೂ ಅಷ್ಟೇ. ನಕಲು ತೆಗೆಯುವ ಟೇಪು ಕೆಟ್ಟು ಮೂರು ತಿಂಗಳಾಗಿತ್ತು. ‘ಲ್ಯಾಬಿಂದು ಒಂದಕ್ಷರ ಹೋದ್ರೂ ನಾಳೆಯಿಂದ ನೀನು ಬರೋದು ಬೇಡಮ್ಮ’ ಎಂದು ಮ್ಯಾನೇಜರ್ ಚಕ್ರಪಾಣಿಯವರು ಮೊದಲ ದಿನವೇ ಹೇಳಿದ್ದರು.

ಮಿತಿಯ ಜಾಗಕ್ಕೆ ಹೋಗಿ ಮತ್ತೊಮ್ಮೆ ಸೊನ್ನೆ ಒತ್ತಿದಳು. ತೊಂಬತ್ತನಾಲ್ಕು. ಇನ್ನೊಮ್ಮೆ, ಬೆರಳು ನೋಯುವಷ್ಟು ಗಟ್ಟಿಯಾಗಿ. ತೊಂಬತ್ತಾರು. ಗಟ್ಟಿಯಾಗಿ ಒತ್ತಿದರೆ ಸೊನ್ನೆ ದೊಡ್ಡದಾಗುತ್ತದೆಯೇ, ಹುಚ್ಚು ಹುಡುಗಿ!

ಲ್ಯಾಬಿನ ಹಿರಿಯ ರಾಚಯ್ಯ ಬಾಗಿಲಲ್ಲಿ ಇಣುಕಿದರು. “ಯಾಕವ್ವಾ, ಮೊಕ ಇಂಗಾಗದೆ?”

“ಸಾ, ನಿಮ್ಮ ಟೆಸ್ಟಿನ ಲೆಕ್ಕ ಕಾಗದದಲ್ಲೂ ಬರೆದಿಟ್ಟಿದೀರಾ?”

“ಇಲ್ಲ ಕಣವ್ವ. ಒಳ್ಳೇ ಬಾಟ್ಲು ಯಾವ್ದು, ಕೆಟ್ಟಿದ್ಯಾವ್ದು, ಎಲ್ಲಾ ಅದರೊಳಗೇ ಅದೆ. ಅದು ಅಳಿಸೋದ್ರೆ ಮೂರು ತಿಂಗಳ ಮಾಲು ಮೋರಿಗೇಯ. ಯಾಕೆ, ಏನಾಯ್ತು?”

ಅವಳು ಮತ್ತೆ ಗೋದಾಮಿಗೆ ಫೋನು ಮಾಡತೊಡಗಿದಳು. ಅವರೇ ಅಂದರು: “ಸರಿ ಬುಡು. ಮಠದಲ್ಲಿ ಪಂಕ್ತಿಗೆ ಎಲೆ ಆಕೋ ವೊತ್ತು, ನಾನು ಉಂಡ್ಕಂಡು ಬತ್ತೀನಿ.”

ಎಲೆ! ರುದ್ರಾಣಿಯ ತಾಯಿ ಚನ್ನಬಸಮ್ಮ ಆ ಮಠದ ದಾಸೋಹದಲ್ಲಿ ಬಡಿಸುವವಳು. ಖಾಲಿ ಎಲೆ ಕಂಡರೆ ಬೇಕಾ ಎಂದು ಕೇಳುವವಳೇ ಅಲ್ಲ, ಬಡಿಸುತ್ತಲೇ ಇರುವಳು. ಉಣ್ಣುವವರು ಕೈ ಅಡ್ಡ ಹಿಡಿದರೆ ಮಾತ್ರ ನಿಲ್ಲಿಸುವಳು. ಅಯ್ಯೋ ಶಿವನೇ, ಈ ಯಂತ್ರಕ್ಕೆ ಸೊನ್ನೆ ಅಂದರೆ ಬೇಡ ಅಂತಲ್ಲ, ಖಾಲಿ ಎಲೆ ಅಂತ. ಗೋದಾಮಿಗೆ ಮಿತಿಯೇ ಇಲ್ಲ ಎಂದು ತನ್ನ ಕೈಯಾರೆ ಬರೆದುಕೊಟ್ಟಿದ್ದಳು.

ತೊಂಬತ್ತೆಂಟು. ಸೊನ್ನೆ ಅಳಿಸಿ, ಕೈ ಅಡ್ಡ ಹಿಡಿದ ಹಾಗೆ ‘ಒಂದು’ ಒತ್ತಿದಳು. ಅಂಕಿ ತೊಂಬತ್ತೊಂಬತ್ತಾಯಿತು. ಕಣ್ಣು ಮುಚ್ಚಿದಳು. ತೆರೆದು ನೋಡಿದರೆ ತೊಂಬತ್ತೊಂಬತ್ತೇ ಇತ್ತು. ಐದು ನಿಮಿಷ ಕಳೆದರೂ ಅಲ್ಲಿಂದ ಅಲುಗಲಿಲ್ಲ. ಲ್ಯಾಬಿನ ಕಡತ ತೆರೆದು ಮೊದಲಿನಿಂದ ಕೊನೆಯವರೆಗೆ ನೋಡಿದಳು, ಎಲ್ಲಾ ಇತ್ತು.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಎಲ್ಲರೂ ಬೆಟ್ಟಸ್ವಾಮಿಯನ್ನೇ ಬೈಯುತ್ತಿದ್ದರು. ಆದರೂ ಸಂಜೆ ಚಕ್ರಪಾಣಿಯವರ ಮೇಜಿನ ಮುಂದೆ ನಿಂತು, ಸೊನ್ನೆ ಒತ್ತಿದ್ದು ತಾನೇ ಎಂದು ಹೇಳಿಬಿಟ್ಟಳು. ನಾಳೆಯಿಂದ ಬರಬೇಡ ಅನ್ನುತ್ತಾರೆಂದು ಚೀಲ ಆಗಲೇ ಹೆಗಲಿಗೆ ಹಾಕಿಕೊಂಡಿದ್ದಳು.

ಚಕ್ರಪಾಣಿಯವರು ಆ ಚೀಲ ನೋಡಿ, ಅದನ್ನು ಕೆಳಗಿಡು ಎಂದು ಕೈ ತೋರಿಸಿದರು.

“ಇನ್ನು ಮೇಲೂ ಮಿತಿ ಹಾಕೋ ಕೆಲಸಕ್ಕೆ ಬೇರೆ ಯಾರೂ ಕೈ ಹಾಕೋದು ಬೇಡ. ನೀನೊಬ್ಬಳೇ ಮಾಡು,” ಅಂದರು.

“ನಾನಾ? ನಂಗೆ ಭಯ ಆಗುತ್ತೆ ಸಾರ್.”

“ಗೊತ್ತಮ್ಮ. ಅದಕ್ಕೇ ಹೇಳಿದ್ದು.”