ಕೋರ್ಟಿಗೆಂದು ಇಟ್ಟಿದ್ದ ಕೋಟು

ವರ್ಜೀನಿಯಾದಲ್ಲಿ ವಕೀಲಿಕೆಯ ಪರೀಕ್ಷೆಗೆ ಕೂರುವವರು ಕೋರ್ಟಿಗೆ ಹೋಗುವ ಉಡುಪಿನಲ್ಲೇ ಬರಬೇಕು. ಗಂಡಸರಾದರೆ ಸೂಟು, ಟೈ. ಹೆಂಗಸರಿಗೆ ಅದಕ್ಕೆ ಒಪ್ಪುವಂಥದ್ದು. ಕಾಲಿಗೆ ಮಾತ್ರ ಮೆತ್ತನೆಯ ಆಟದ ಶೂ. ಪರೀಕ್ಷೆ ನಡೆಯುವ ಕೋಣೆಯ ನೆಲ ಗಟ್ಟಿ, ಒಬ್ಬರ ಹಿಮ್ಮಡಿ ಟಕ್ ಅಂದರೂ ಬರೆಯುತ್ತಿರುವ ಎಲ್ಲರ ತಲೆ ಕೆಡುತ್ತದೆ. ಜುಲೈ ತಿಂಗಳ ಆ ಬೆಳಿಗ್ಗೆ ರೋನೋಕ್ ಪಟ್ಟಣದ ಹತ್ತಿರದ ದೊಡ್ಡ ಸಭಾಂಗಣದ ಮುಂದೆ ಕಾರಿನಲ್ಲಿ ಕೂತು ನೋಡಿದೆ. ಕಪ್ಪು ಬಟ್ಟೆ ತೊಟ್ಟವರು ಒಬ್ಬರ ಹಿಂದೊಬ್ಬರು ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದರು, ಹೆಜ್ಜೆಯ ಸಪ್ಪಳವೇ ಇಲ್ಲ. ಸಾವಿನ ಮನೆಗೆ ಹೋಗುವವರೂ ಇಷ್ಟು ಸುಮ್ಮನಿರುವುದಿಲ್ಲ. ನಮ್ಮ ಬೆಟ್ಟದ ಕಡೆ ಅಲ್ಲೂ ಯಾರಾದರೊಬ್ಬರು ನೆರೆಯವರು ತಂದ ಕರಿದ ಕೋಳಿ ಚೆನ್ನಾಗಿದೆ ಅಂತಲಾದರೂ ಅನ್ನುತ್ತಾರೆ.

ಅವರ ಜೊತೆ ಒಳಗೆ ಹೋಗಬೇಕಾದವಳು ನನ್ನ ಪಕ್ಕದಲ್ಲಿ ಕೂತಿದ್ದ ಅತ್ತೆಯ ಮಗಳು ಡೆಲ್ಫಿಯಾ. ಉಳಿದವರೆಲ್ಲ ಅವಳ ಮಕ್ಕಳ ವಯಸ್ಸಿನವರು. ಆ ಸೆಕೆಯಲ್ಲೂ ಅವಳ ಮೈಮೇಲೆ ದಪ್ಪ ನೀಲಿ ಕೋಟು, ನುಸಿಗುಳಿಗೆಯ ವಾಸನೆ.

"ಒಲೀಟಾ, ಹೇಗೆ ಕಾಣ್ತೀನೇ?" ಅಂದಳು, ಕಾರಿನಿಂದ ಇಳಿದು.

"ಥೇಟ್ ನಿಮ್ಮಮ್ಮನ ಹಾಗೆ," ಅಂದೆ.

ಕೋಟು ಅವಳಮ್ಮನದೇ ಆಗಿತ್ತು. ಅವಳು ನಗಲಿಲ್ಲ.

ಆ ಕೋಟಿನ ಕಥೆ ಹೇಳದೆ ಡೆಲ್ಫಿಯಾಳ ಕಥೆ ಹೇಳಲಾಗುವುದಿಲ್ಲ. ಅವಳು ಚಿಕ್ಕವಳಿದ್ದಾಗ ಹೋಬರ್ಟ್ ಮಾವ, ಅವಳಪ್ಪ, ಮರ ಕೊಯ್ಯುವ ಮಿಲ್ಲಿನಿಂದ ಮನೆಗೆ ಬರುತ್ತಿದ್ದ. ತಿರುವಿನಲ್ಲಿ ಕಲ್ಲಿದ್ದಲಿನ ಲಾರಿಯೊಂದು ಬ್ರೇಕು ಹಿಡಿಯದೆ ಅವನ ಗಾಡಿಯ ಮೇಲೇ ಬಂತು, ಅವನು ಅಲ್ಲೇ ಹೋದ. ವರ್ಲೀ ಅತ್ತೆ ಲಾರಿ ಕಂಪನಿಯ ಮೇಲೆ ದಾವೆ ಹಾಕಿದಳು. ಕೋರ್ಟಿನ ದಿನಕ್ಕೆಂದು ಬ್ರಿಸ್ಟಲ್ ಪೇಟೆಗೆ ಹೋಗಿ ಈ ನೀಲಿ ಕೋಟು ತಂದಳು. ಅವಳ ಜನ್ಮದಲ್ಲಿ ಅದಕ್ಕಿಂತ ಒಳ್ಳೆಯ ಬಟ್ಟೆ ಅವಳು ತೊಟ್ಟಿಲ್ಲ. ಅವಳು ಕೋಟಿನ ಗುಂಡಿ ಬಿಚ್ಚಿ ಕೂರುವಷ್ಟರಲ್ಲಿ ಜಡ್ಜು ದಾವೆಯನ್ನು ವಜಾ ಮಾಡಿದ. ಸಾಕ್ಷಿಯಿಲ್ಲ, ವಿಚಾರಣೆಯಿಲ್ಲ, ಒಂದು ಮಾತೂ ಕೇಳಲಿಲ್ಲ.

"ಕಂಪನಿಯವರು ಜಡ್ಜನ್ನ ಕೊಂಡುಕೊಂಡಿದ್ದಾರೆ," ಅಂದಳು ಅತ್ತೆ. ಅವತ್ತಿನಿಂದ ಅದೇ ಮಾತು. ಕೋಟು ಬಾಗಿಲ ಹಿಂದಿನ ಮೊಳೆಗೆ ಹೋಯಿತು. ಕೇಸು ಮತ್ತೆ ತೆರೆಯುವ ದಿನ ತೊಡಬೇಕಲ್ಲ, ಅದಕ್ಕೆ. ವರ್ಷ ವರ್ಷವೂ ಅದನ್ನು ಬಿಸಿಲಿಗೆ ಹಾಕಿ, ಬ್ರಷ್ಷಿನಿಂದ ತಿಕ್ಕಿ, ಮತ್ತೆ ನೇತುಹಾಕುತ್ತಿದ್ದಳು. ಜಡ್ಜು ಸತ್ತ. ಮೇ ತಿಂಗಳಲ್ಲಿ ಊರಿನವರೆಲ್ಲ ಗೋರಿಗಳನ್ನು ಶುಚಿ ಮಾಡಿ ಹೂ ಇಡುವ ಭಾನುವಾರ ಬಂದರೆ, ಅತ್ತೆ ಆ ಜಡ್ಜನ ಗೋರಿಯ ಮುಂದೆ ಬೇಕಂತಲೇ ಬೆನ್ನು ಹಾಕಿ ನಿಲ್ಲುತ್ತಿದ್ದಳು. ಪಾದ್ರಿಗಳು ಬೇಡವೆಂದರೆ, "ಅವನಿಗೆ ನನ್ನ ಮುಖ ನೋಡೋ ಯೋಗ್ಯತೆ ಇಲ್ಲ," ಅನ್ನುತ್ತಿದ್ದಳು.

ಅತ್ತೆ ಹೂವಿಡುತ್ತಿದ್ದದ್ದು ಗಂಡನಿಗೆ, ಅವಳ ವಕೀಲ ಆರ್ವಿಲ್ ಟ್ರಿವೆಟ್ಟ ತೀರಿಕೊಂಡ ಮೇಲೆ ಅವನಿಗೂ. ನಮಗೆಲ್ಲ ಅವನು ಮಿಸ್ಟರ್ ಆರ್ವಿಲ್. ಕೇಸು ಸೋತದ್ದಕ್ಕೆ ಅವನು ಫೀಸು ಮುಟ್ಟಲಿಲ್ಲ. ಬದುಕಿರುವ ತನಕ ಪ್ರತಿ ಕ್ರಿಸ್‌ಮಸ್ಸಿಗೂ ಅತ್ತೆಯ ಮನೆಗೆ ಉಪ್ಪು ಹಾಕಿ ಒಣಗಿಸಿದ ಹಂದಿಯ ತೊಡೆ ಹೊತ್ತು ತಂದ. "ದೇವರಂಥ ಮನುಷ್ಯ," ಅನ್ನುತ್ತಿದ್ದಳು ಅತ್ತೆ. ನಾವೂ ಹೌದು ಅನ್ನುತ್ತಿದ್ದೆವು.

ಡೆಲ್ಫಿಯಾ ಲಾ ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ನಮ್ಮ ರಾಜ್ಯದಲ್ಲಿ ಇನ್ನೊಂದು ಹಳೆಯ ದಾರಿಯಿದೆ. ಒಬ್ಬ ವಕೀಲನ ಕಚೇರಿಯಲ್ಲಿ ಅವನ ಕೈಕೆಳಗೆ ಮೂರು ವರ್ಷ ಓದಿದರೂ ಪರೀಕ್ಷೆಗೆ ಕೂರಬಹುದು. ಬಹಳ ಮಂದಿ ಅದರ ಗೋಜಿಗೆ ಹೋಗುವುದಿಲ್ಲ. ಮಿಸ್ಟರ್ ಆರ್ವಿಲ್ ತಾನಾಗಿಯೇ ಅವಳ ಮನೆಗೆ ಬಂದು, "ನಾನು ಓದಿಸ್ತೀನಿ," ಅಂದ. ಅವಳು ಬೆಳಿಗ್ಗೆ ಶಾಲೆಯ ಬಸ್ಸು ಓಡಿಸಿ, ಅವನ ಕಚೇರಿಗೆ ಹೋಗಿ ಓದಿ, ಮಧ್ಯಾಹ್ನ ಮತ್ತೆ ಬಸ್ಸಿಗೆ ಓಡುತ್ತಿದ್ದಳು. ಯಾಕೆ ಈ ವಯಸ್ಸಿನಲ್ಲಿ ಈ ಪಾಡು ಅಂತ ಕೇಳಿದರೆ ಒಂದೇ ಉತ್ತರ: "ಅಮ್ಮ ಇರೋವಾಗಲೇ ಅಪ್ಪನ ಕೇಸು ತೆರೆಸಬೇಕು."

ಮಿಸ್ಟರ್ ಆರ್ವಿಲ್ ಬೆರಳಿಗೊಂದು ದಪ್ಪ ಉಂಗುರ ಹಾಕುತ್ತಿದ್ದ. ಅವಳ ಉತ್ತರ ತಪ್ಪು ಹಾದಿ ಹಿಡಿದರೆ ಉಂಗುರದಿಂದ ಮೇಜಿನ ಮೇಲೆ ಟಕ್ ಟಕ್. "ಏನಾಯ್ತು ಅಂತ ಆಮೇಲೆ ಹೇಳು. ಕೋರ್ಟಿಗೆ ಯಾರು ಬಂದಿದ್ದಾರೆ, ಅದನ್ನ ಮೊದಲು ನೋಡು." ಅವನು ಅಭ್ಯಾಸಕ್ಕೆ ಕೊಡುತ್ತಿದ್ದ ಪ್ರಶ್ನೆಗಳಲ್ಲಿ ಯಾರಾದರೊಬ್ಬ ಸಾಯುತ್ತಿದ್ದ, ಅವನ ಮನೆಯವರು ದಾವೆ ಹಾಕುತ್ತಿದ್ದರು. ಒಮ್ಮೆ ದೋಣಿ ಮುಳುಗಿ, ಒಮ್ಮೆ ಗೋಡೆ ಕುಸಿದು, ಒಮ್ಮೆ ಎತ್ತು ಹಾಯ್ದು. "ನಿಮ್ಮ ಪ್ರಶ್ನೆಯೊಳಗೆ ಕಾಲಿಟ್ಟ ಗಂಡಸು ಒಬ್ಬನಾದ್ರೂ ಬದುಕಿ ಹೊರಗೆ ಬರ್ತಾನಾ?" ಅಂತ ಅವಳು ನಗುತ್ತಿದ್ದಳು. ಅವನು ನಗುತ್ತಿರಲಿಲ್ಲ.

ಫೆಬ್ರವರಿಯಲ್ಲಿದ್ದ ಅವಳ ಮೊದಲ ಪರೀಕ್ಷೆಗೆ ಸ್ವಲ್ಪ ಮುಂಚೆ ಅವನು ಹಾಸಿಗೆ ಹಿಡಿದ. ನೋಡಲು ಹೋದಾಗ ಅವಳ ಕೈ ಹಿಡಿದು ಅಂದನಂತೆ: "ಪರೀಕ್ಷೆಯಲ್ಲಿ ವಕೀಲ ತಪ್ಪು ಮಾಡಿದ್ದಾನೆ ಅಂತ ಕಂಡರೆ, ಅವನ ಮುಖ ನೋಡಬೇಡ ಮಗಳೇ. ಬರೆದುಬಿಡು." ಜ್ವರದ ಬಡಬಡಿಕೆ ಅಂದುಕೊಂಡಳು. ಅವನು ಹೋದ. ಅವಳು ಅಳುಮುಖ ಹೊತ್ತು ಪರೀಕ್ಷೆಗೆ ಕೂತು ಫೇಲಾದಳು.

ಜುಲೈಗೆ ಮತ್ತೆ ಓದಲು ಕೂತದ್ದು ಅವನ ಖಾಲಿ ಕಚೇರಿಯಲ್ಲೇ. ಟಕ್ ಟಕ್ ಶುರುವಾದದ್ದು ಆಗಲೇ. ನಾನು ಊಟದ ಹೊತ್ತಿಗೆ ಬೀನ್ಸು, ಜೋಳದ ಬ್ರೆಡ್ಡು ಒಯ್ದರೆ ಅವಳು ಬಿಳಿಚಿಕೊಂಡು ಕೂತಿರುತ್ತಿದ್ದಳು.

"ಕೇಳಿಸ್ತಾ?"

"ಅದು ಹೀಟರಿನ ಪೈಪು ಕಣೇ."

"ಜೂನ್ ತಿಂಗಳಲ್ಲಿ ಹೀಟರು ಯಾರು ಹಾಕ್ತಾರೆ?"

ನಾನು ದೆವ್ವಪವ್ವ ನಂಬುವವಳಲ್ಲ. ಕೌಂಟಿ ಕೋರ್ಟಿನ ಗುಮಾಸ್ತೆ ನಾನು, ಸತ್ತವರ ಉಯಿಲು ದಾಖಲು ಮಾಡಿಡುವ ಕೆಲಸ. ಸತ್ತವರು ಎದ್ದು ಬರುವುದಾದರೆ ಮೊದಲು ನನ್ನ ಕೌಂಟರಿಗೇ ಬಂದು ಜಗಳ ತೆಗೆಯುತ್ತಿದ್ದರು. ಆದರೂ ಒಂದು ದಿನ ಪಾತ್ರೆ ತೆಗೆಯುವಾಗ ನನಗೂ ಕೇಳಿಸಿತು. ಮೇಜಿನ ಆ ಕಡೆಯಿಂದ, ಕುರ್ಚಿ ಖಾಲಿಯಿದ್ದ ಕಡೆಯಿಂದ. ಅವಳಿಗೆ ಹೇಳಲಿಲ್ಲ. ಪಾತ್ರೆಯನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ.

ಪರೀಕ್ಷೆಗೆ ಹೊರಡುವ ಬೆಳಿಗ್ಗೆ ಅತ್ತೆ ಮೊಳೆಯಿಂದ ಕೋಟು ತೆಗೆದು ಮಗಳ ಹೆಗಲಿಗೆ ಹೊದಿಸಿದಳು. "ಇವತ್ತು ನೀನು ಹಾಕ್ಕೋ. ಬಂದ ಮೇಲೆ ವಾಪಸ್ ಕೊಡು, ನನಗೆ ಬೇಕಾಗತ್ತೆ." ಅತ್ತೆಯ ಎದೆ ಅಷ್ಟು ಹೊತ್ತಿಗೆ ಸೋತಿತ್ತು, ಅಂಗಳ ದಾಟಿದರೆ ಏದುಸಿರು. ಇನ್ನೊಂದು ಸಲ ಫೇಲಾದರೆ ಕಾಯುವಷ್ಟು ಆಯುಸ್ಸು ಅವಳಿಗಿಲ್ಲವೆಂದು ಮೂವರಿಗೂ ಗೊತ್ತಿತ್ತು.

ಮೊದಲ ದಿನ ಮುಗಿಸಿ ಬಂದ ಡೆಲ್ಫಿಯಾ ನಾವು ಉಳಿದಿದ್ದ ಮೋಟೆಲಿನಲ್ಲಿ ಊಟ ಮುಟ್ಟಲಿಲ್ಲ. ಕೆಟ್ಟಿತು ಅಂದುಕೊಂಡೆ. ಎರಡನೆಯ ದಿನವೂ ಮುಗಿಸಿ, ಊರಿನ ಕಡೆ ಬೆಟ್ಟದ ರಸ್ತೆ ಹತ್ತುವಾಗ ತಾನಾಗಿಯೇ ಬಾಯಿ ಬಿಟ್ಟಳು.

"ನಿನ್ನೆ ಒಂದು ಪ್ರಶ್ನೆ ಬಂದಿತ್ತು. ಒಬ್ಬ ಮನೆಗೆ ಬರ್ತಿರ್ತಾನೆ, ಲಾರಿ ಬಂದು ಹೊಡೆಯತ್ತೆ, ಸಾಯ್ತಾನೆ. ಗಡುವು ಮುಗಿಯೋಕೆ ಸ್ವಲ್ಪ ದಿನ ಇರುವಾಗ ಹೆಂಡತಿ ದಾವೆ ಹಾಕ್ತಾಳೆ, ತನ್ನ ಹೆಸರಲ್ಲೇ. ಜಡ್ಜು ವಜಾ ಮಾಡ್ತಾನೆ. ಮಾಡಿದ್ದು ಸರಿಯಾ? ಅವಳಿಗೆ ಇನ್ನೇನಾದರೂ ದಾರಿ ಇದೆಯಾ?"

ಇಂಥದ್ದು ನನಗೆ ದಿನಬೆಳಗಾದರೆ ಇರುವ ಕೆಲಸ. ಗಂಡ ಇನ್ನೊಬ್ಬರ ತಪ್ಪಿನಿಂದ ಸತ್ತರೆ, ಹೆಂಡತಿ ಅನ್ನುವ ಕಾರಣಕ್ಕೇ ದಾವೆ ಹಾಕುವಂತಿಲ್ಲ. ಮೊದಲು ನಮ್ಮ ಕೌಂಟರಿಗೆ ಬಂದು, ಕೈಯೆತ್ತಿ ಪ್ರಮಾಣ ಮಾಡಿ, ಸತ್ತವನ ಸ್ವತ್ತಿಗೆ ಆಡಳಿತಗಾರ್ತಿ ಅನ್ನಿಸಿಕೊಳ್ಳಬೇಕು. ಹಾಗೆ ಮಾಡದೆ ಹಾಕಿದ ದಾವೆ ಹಾಕದಿದ್ದಂತೆಯೇ. ಅಷ್ಟರಲ್ಲಿ ಎರಡು ವರ್ಷದ ಗಡುವು ಮೀರಿತೋ, ಮುಗಿಯಿತು. ಯಾವ ಜಡ್ಜೂ ಏನೂ ಮಾಡಲಾರ. ಆ ಹೆಂಗಸನ್ನು ಮೊದಲು ಕೌಂಟರಿಗೆ ಕರೆತರಬೇಕಾದ್ದು ಅವಳ ವಕೀಲ. ಜಡ್ಜನ್ನು ಕೊಂಡುಕೊಂಡರು ಅನ್ನುವ ಮಾತನ್ನೇ ನಂಬಿ, ಅತ್ತೆ ಆ ಪ್ರಮಾಣ ಮಾಡಿದ್ದಳಾ ಅಂತ ನಾವ್ಯಾರೂ ಎಂದೂ ಕೇಳಿರಲಿಲ್ಲ.

ಕಾರನ್ನು ರಸ್ತೆ ಬದಿಗೆ ನಿಲ್ಲಿಸಿದೆ.

"ಮೊದಲನೇ ಸಾಲು ಓದ್ತಿದ್ದ ಹಾಗೇ ಟಕ್ ಟಕ್ ಅಂತು," ಅಂದಳು. "ಹಿಂದೆ ತಿರುಗಿ ನೋಡಿದೆ. ಎಲ್ಲರ ಕಾಲಲ್ಲೂ ಮೆತ್ತನೆ ಶೂ. ಕಾವಲಿನವರದ್ದೂ ಅಷ್ಟೇ. ಆಗ ಎಲ್ಲಾ ಒಟ್ಟಿಗೇ ಗೊತ್ತಾಯ್ತು. ಮಿಸ್ಟರ್ ಆರ್ವಿಲ್ ಪ್ರಶ್ನೆಗಳಲ್ಲಿ ಸಾಯ್ತಿದ್ದ ಆ ಗಂಡಸರೆಲ್ಲ ಯಾರು ಅಂತ. ಅವನು ಫೀಸು ಯಾಕೆ ಮುಟ್ಟಲಿಲ್ಲ ಅಂತ. ಕ್ರಿಸ್‌ಮಸ್ಸಿಗೆ ಯಾಕೆ ಬರ್ತಿದ್ದ ಅಂತ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಹಂದಿ ತೊಡೆ ಹೊತ್ತು ತರೋಕೆ ಆಗತ್ತೆ, ಬಾಯಿ ಬಿಟ್ಟು ಒಂದು ಮಾತು ಹೇಳೋಕೆ ಆಗಲಿಲ್ವಾ ಆ ಮುದುಕನಿಗೆ?"

"ಹೇಳಿದ ಕಣೇ. ಮೂರು ವರ್ಷ ದಿನಾ ಹೇಳಿದ. ನನಗೇ ಕೇಳಿಸಲಿಲ್ಲ."

ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದಳಂತೆ. ಬಿಟ್ಟರೆ ಫೇಲು. ಬರೆದರೆ, ಅಮ್ಮನ ಕೋಟು ತೊಟ್ಟುಕೊಂಡು, ಅಮ್ಮ ಜನ್ಮವಿಡೀ ಶಪಿಸಿದ ಜಡ್ಜು ಮಾಡಿದ್ದೇ ಸರಿ ಅಂತ ತನ್ನ ಕೈಯಾರೆ ಬರೆಯಬೇಕು. ಯಾವ ಕೇಸಿಗಾಗಿ ಓದಿದಳೋ ಆ ಕೇಸು ಎಂದೋ ಸತ್ತಿದೆ ಅಂತ ಬರೆದರೆ ಮಾತ್ರ ಅವಳು ವಕೀಲೆ. ಪಕ್ಕದ ಹುಡುಗ ಪುಟ ತಿರುಗಿಸಿದ ಸದ್ದಿಗೆ ಬೆಚ್ಚಿದಳು. ಮತ್ತೆ ಟಕ್ ಟಕ್, ಈ ಸಲ ಮೆಲ್ಲಗೆ, ಬೇಡಿಕೊಂಡ ಹಾಗೆ.

"ಮುಖ ನೋಡಲಿಲ್ಲ. ಬರೆದೆ," ಅಂದಳು. ಕೋಟಿನ ತೋಳಿನಿಂದಲೇ ಮೂಗು ಒರೆಸಿಕೊಂಡಳು.

ನಾವು ಹೋದಾಗ ಅತ್ತೆ ಜಗಲಿಯಲ್ಲಿ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದಳು. ಬಿಸಿಲು ಇನ್ನೂ ಇತ್ತು. ನಾನು ಮೆಟ್ಟಿಲ ಮೇಲೆ ಕೂತೆ, ಡೆಲ್ಫಿಯಾ ಕೂರಲಿಲ್ಲ.

"ಏನು ಕೇಳಿದ್ರು?"

ಡೆಲ್ಫಿಯಾ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಯಾವುದೋ ಊರಿನ ಯಾವಳೋ ಹೆಂಗಸಿನ ಕಥೆಯೆಂಬಂತೆ ಲಾರಿ, ದಾವೆ, ಕೌಂಟರಿನಲ್ಲಿ ಮಾಡದೇ ಹೋದ ಪ್ರಮಾಣ, ಗಡುವು, ಎಲ್ಲ ಹೇಳಿದಳು. ಅತ್ತೆಯ ಬೆರಳು ನಾರು ತೆಗೆಯುವುದನ್ನು ನಿಲ್ಲಿಸಿತು.

"ನೀನು ಏನು ಬರೆದೆ?"

"ಜಡ್ಜು ಸರಿ ಅಂತ, ಅಮ್ಮ. ಅವಳಿಗೆ ಇನ್ನು ದಾರಿ ಇಲ್ಲ ಅಂತ."

"ಅವಳನ್ನ ಮೊದಲು ಕೌಂಟರಿಗೆ ಕರಕೊಂಡು ಹೋಗಬೇಕಾಗಿತ್ತು ಅಂತೀಯಲ್ಲ. ಯಾರು?"

"ಅವಳ ವಕೀಲ."

ಎದುರಿನ ರಸ್ತೆಯಲ್ಲಿ ಕಲ್ಲಿದ್ದಲಿನ ಲಾರಿಯೊಂದು ಗೇರು ಬದಲಿಸುತ್ತಾ ಹೋಯಿತು. ಅದರ ಸದ್ದು ತಿರುವಿನಾಚೆ ಅಡಗುವ ತನಕ ಅತ್ತೆ ಕೇಳುತ್ತಿದ್ದಳು. ಮಗಳ ಮುಖ ನೋಡಿದಳು, ನನ್ನ ಮುಖ ನೋಡಿದಳು. ನಾನು ಕಣ್ಣು ತಪ್ಪಿಸಿದೆ.

"ಆ ಹೆಂಗಸಿಗೆ ಯಾರಾದ್ರೂ ಹೇಳಿದ್ರಾ?"

"ಇಲ್ಲ."

"ಹೇಳೋದು ಬೇಡ. ಪಾಪ, ಕಾಯ್ತಾ ಕೂತಿರ್ತಾಳೆ." ಆಮೇಲೆ ಬೀನ್ಸಿನ ಬೋಗುಣಿ ಕೆಳಗಿಟ್ಟು ಅಂದಳು: "ಕೋಟು ನೀನೇ ಇಟ್ಟುಕೋ. ನಾನಿನ್ನು ಕೋರ್ಟಿಗೆ ಹೋಗೋದಿಲ್ಲ."

ಡೆಲ್ಫಿಯಾ ಪಾಸಾದಳು. ಈಗ ಮಿಸ್ಟರ್ ಆರ್ವಿಲ್‌ನ ಮೇಜಿನಲ್ಲೇ ಕೂರುತ್ತಾಳೆ. ಗಂಡ ಸತ್ತವಳು ಯಾರೇ ಬರಲಿ, ಕಾಫಿ ಕೊಡುವುದಕ್ಕೂ ಮೊದಲು ರಟ್ಟೆ ಹಿಡಿದು ನನ್ನ ಕೌಂಟರಿಗೆ ಎಳೆದು ತರುತ್ತಾಳೆ. ಟಕ್ ಟಕ್ ಇನ್ನೂ ನಿಂತಿಲ್ಲವಂತೆ. ನಿಂತರೆ ತನಗೇ ಭಯವಾಗುತ್ತದೆ ಅನ್ನುತ್ತಾಳೆ.

ಮರುವರ್ಷ ಮೇ ತಿಂಗಳಲ್ಲಿ ಗೋರಿಗೆ ಹೂ ಇಡುವ ಭಾನುವಾರ, ಅತ್ತೆ ನನ್ನ ತೋಳು ಹಿಡಿದು ಗುಡ್ಡ ಹತ್ತಿದಳು. ಹೋಬರ್ಟ್ ಮಾವನಿಗೆ ಹೂವಿಟ್ಟಳು. ಆಮೇಲೆ ಜಡ್ಜನ ಗೋರಿಯ ಹತ್ತಿರ ಹೋಗಿ, ಈ ಸಲ ಎದುರಿಗೇ ನಿಂತು, ಒಂದು ಗೊಂಚಲು ಹೂವಿಟ್ಟಳು. ಕೈಯಲ್ಲಿ ಇನ್ನೊಂದು ಗೊಂಚಲಿತ್ತು, ಹಿಂದಿನ ವರ್ಷ ತಂದಂಥದ್ದೇ. ಮಿಸ್ಟರ್ ಆರ್ವಿಲ್‌ನ ಕಲ್ಲಿನ ಮುಂದೆ ಅದನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತಳು. ಏದುಸಿರು ಬರುತ್ತಿತ್ತು. ಕೊನೆಗೆ ಹೂವನ್ನು ಚೀಲದೊಳಗೆ ವಾಪಸ್ ಇಟ್ಟುಕೊಂಡಳು.

"ಇವನಿಗೆ ಮುಂದಿನ ವರ್ಷ ನೋಡೋಣ," ಅಂದಳು.