ಸಾವಿರ ಕಿಲೋಮೀಟರಿನ ಆಯಿಲ್ ಪರೀಕ್ಷೆ

ಗೆಳೆಯರೇ, ನಾನು ಸೋತೆ. ಧನಗೆರೆಯಿಂದ ಹನೂರಿನ ಶಾಲೆಗೆ ದಿನಾ ನನ್ನನ್ನು ಹೊತ್ತೊಯ್ಯುವ ಹಳೇ ಕಾರು ಎಂಜಿನ್ ಆಯಿಲ್ ಕುಡಿಯುತ್ತಿದೆ, ನೀಲಿ ಹೊಗೆ ಬಿಡುತ್ತಿದೆ. ಕೆಳಗೆ ಎಲ್ಲೂ ಸೋರುತ್ತಿಲ್ಲ. ಕೊಳ್ಳೇಗಾಲದ ಮೆಕ್ಯಾನಿಕ್ ಹೋದ ತಿಂಗಳು ಆಯಿಲನ್ನು ಅಳತೆಕಡ್ಡಿಯ ಮೇಲಿನ ಗೆರೆಯವರೆಗೆ ತುಂಬಿಸಿ, "ಇನ್ನೊಂದ್ ತೊಟ್ಟೂ ಆಕ್ಬೇಡಿ ಸಾ. ಸಾವಿರ ಕಿಲೋಮೀಟರ್ ಓಡ್ಸಿ ಬನ್ನಿ. ಎಷ್ಟು ಕುಡೀತದೆ ಅಂತ ನೋಡ್ಕಂಡು ಎಂಜಿನ್ ಬಿಚ್ಚನ" ಎಂದಿದ್ದ.

ಇವತ್ತು ಅಪ್ಪನನ್ನೂ ಕೂರಿಸಿಕೊಂಡು ಹೋದೆ. ಮೆಕ್ಯಾನಿಕ್ ಕಡ್ಡಿ ಎಳೆದು ನೋಡಿದ. ಆಯಿಲ್ ಗೆರೆ ಮುಟ್ಟಿ ನಿಂತಿತ್ತು!

"ಒಂದ್ ತೊಟ್ಟೂ ಕಮ್ಮಿ ಆಗಿಲ್ವಲ್ಲ ಸಾ!"

ಹಿಂದೆ ಹೊಗೆ ಮಾತ್ರ ಹಾಗೇ ಇತ್ತು.

ಆಯುಸ್ಸಿಡೀ ಎತ್ತು ಸಾಕಿದ ಅಪ್ಪ ಹಿಂದಿನ ಸೀಟಿನಿಂದ ಹೆಮ್ಮೆಯಿಂದ ಹೇಳಿದರು: "ನಾನೇ ದಿನಾ ಬೆಳಗ್ಗೆ ಟ್ರ್ಯಾಕ್ಟರ್ ಆಯಿಲ್ ವಸಿ ಉಯ್ತಿದ್ದೆ. ಬರೀ ಒಟ್ಟೇಲಿ ಗೇಯಕ್ಕೆ ಕಳ್ಸಕಾಯ್ತದಾ?"

"ಎಷ್ಟ್ ಉಯ್ದ್ರಿ ಯಜಮಾನ್ರೇ?"

"ಮೇವ್ನ ಯಾರಾದ್ರೂ ಅಳ್ದು ಆಕ್ತಾರೇನಪ್ಪ?"

ಒಂದು ತಿಂಗಳ ಪರೀಕ್ಷೆ ನೀರುಪಾಲು. ಮೆಕ್ಯಾನಿಕ್ ಹಣೆ ಚಚ್ಚಿಕೊಂಡು ಆಯಿಲ್ ಮುಚ್ಚಳಕ್ಕೆ ಟೇಪ್ ಸುತ್ತಿದ. "ಮತ್ತೆ ಸಾವಿರ ಓಡ್ಸಿ ಸಾ" ಎಂದ.

ಅಪ್ಪ ಆ ಟೇಪನ್ನೇ ನೋಡುತ್ತಿದ್ದರು. "ಬಾಯ್ ಕಟ್ಬುಟ್ಟು ಗೇಯಿಸ್ತೀಯೇನ್ಲಾ?" ಎಂದವರು ಆಮೇಲೆ ನನ್ನೊಡನೆ ಮಾತಾಡಿಲ್ಲ. ಈಗ ಅಂಗಳದಲ್ಲಿ ಬಾನೆಟ್ ಸವರುತ್ತ ನಿಂತಿದ್ದಾರೆ.

ಕಾರಿನ ರೋಗ ಏನೆಂದು ಇನ್ನೂ ಗೊತ್ತಾಗಿಲ್ಲ. ಮನೆಯಲ್ಲಿ ಕಟುಕ ಯಾರು ಎನ್ನುವುದು ಮಾತ್ರ ಇವತ್ತು ಇತ್ಯರ್ಥವಾಯಿತು.