ತಗಡಿನ ಅಂಗಿಯವನ ಮುಂದೆ

ಆ ದಿನ ಎಲ್ಲರೂ ಕಾರಿನಲ್ಲಿ ಹೊರಟಿದ್ದೆವು. ಮಗ ಗಾಡಿ ಬಿಡುತ್ತಿದ್ದ, ಸೊಸೆ ಕಿಟಕಿಯ ಕಡೆ ಮುಖ ಮಾಡಿದ್ದಳು. ಹಿಂದೆ ನಾನು, ನನ್ನ ಅತ್ತ ಇತ್ತ ಮೊಮ್ಮಕ್ಕಳು. ನನಗೆ ಮಾತ್ರ ಖುಷಿ. ಮಕ್ಕಳ ಮೈ ತಾಗಿಸಿಕೊಂಡು ಕೂತರೆ ನನ್ನಂಥವಳಿಗೆ ಬೇರೆ ಎಂತ ಬೇಕು?

ಸಣ್ಣವನಿಗೆ ಮೂರು ವರ್ಷ. ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ತಲೆಗೆ ಆಪರೇಷನ್ ಮಾಡಿ ಒಳಗೊಂದು ಯಂತ್ರ ಇಟ್ಟಿದ್ದಾರೆ. ಹೊರಗಿನ ತುಂಡು ಕಿವಿಯ ಹಿಂದೆ ಕೂರುತ್ತದೆ, ಅದರದ್ದೊಂದು ಬಿಲ್ಲೆ ಅಯಸ್ಕಾಂತದ ಹಾಗೆ ತಲೆಗೆ ಕಚ್ಚಿಕೊಳ್ಳುತ್ತದೆ. ಹಾಕಿ ತಿಂಗಳುಗಳಾದರೂ ಅವನು ಯಾವ ಶಬ್ದಕ್ಕೂ ತಿರುಗಲಿಲ್ಲ. ಇಲ್ಲಿ ಅರಬರ ದೇಶದಲ್ಲಿ, ಅಲ್ ಗುಬ್ರಾದ ನಮ್ಮ ಫ್ಲ್ಯಾಟಿನಲ್ಲಿ ಸಂಜೆ ನಾನು ದೇವರ ಮುಂದೆ ಜಾಗಟೆ ಬಡಿದರೆ ಪಕ್ಕದಲ್ಲೇ ಕೂತು ಬಾಳೆಹಣ್ಣು ತಿನ್ನುತ್ತಿದ್ದ. ಆ ವಾರ ಡಾಕ್ಟರು ಸೌಂಡ್ ಏರಿಸಿ ಕೊಟ್ಟಿದ್ದರು. ಅದರಲ್ಲೂ ಆಗದಿದ್ದರೆ ಸೊಸೆ, ಮಕ್ಕಳು ಮಂಗಳೂರಿಗೆ, ಕೈಸನ್ನೆ ಕಲಿಸುವ ಶಾಲೆಗೆ. ಮಗ ಇಲ್ಲಿ ಒಬ್ಬನೇ. "ಇದೊಂದು ಸಲ ನೋಡುವ, ಆಮೇಲೆ ಖಲಾಸ್" ಎಂದಿದ್ದ. ಅವತ್ತಿನಿಂದ ಸೊಸೆ ಸರಿಯಾಗಿ ಉಂಡವಳಲ್ಲ.

ಮವಾಲೇಹ್ ಹತ್ತಿರದ ಮೈದಾನದಲ್ಲಿ ಬಿಳಿಯರು ಅವರ ಹಳೇ ರಾಜರ ಕಾಲದ ಮೇಳ ಹಾಕಿದ್ದರು. ಮಕ್ಕಳಿಗೆಂದೇ ಹೋದದ್ದು. ಹೆಂಗಸರು ನೆಲ ಗುಡಿಸುವ ಲಂಗ ತೊಟ್ಟಿದ್ದರು, ಗಂಡಸರು ಮೈತುಂಬ ತಗಡಿನ ಅಂಗಿ.

"ಯಕ್ಷಗಾನದವರ ಹಾಗೆ ಉಂಟಲ್ಲ, ಕುಣಿಯುವುದಿಲ್ಲವಾ?" ಎಂದೆ.

"ನೋ ಅಜ್ಜಿ, ದೇ ಫೈಟ್!" ಎಂದಳು ದೊಡ್ಡವಳು.

ಸಣ್ಣವ ನನ್ನ ಸೊಂಟದ ಮೇಲಿದ್ದ, ಮುಖ ಹಿಂದಕ್ಕೆ. ತಗಡಿನವನೊಬ್ಬ ಕತ್ತಿಯಿಂದ ಗುರಾಣಿಗೆ ಢಣ್ ಎಂದು ಹೊಡೆದ. ಮಗುವಿನ ಮೈ ನನ್ನ ಎದೆಗೆ ಬಡಿದ ಹಾಗೆ ಬೆಚ್ಚಿತು. ಅವನು ಅದನ್ನು ನೋಡಿರಲಿಲ್ಲ ಮಾರಾಯ್ರೆ, ಬೆನ್ನು ಹಾಕಿಕೊಂಡಿದ್ದ!

ನಮ್ಮಲ್ಲಿ ಮಗು ಬೆಚ್ಚಿದರೆ, ಬೆಚ್ಚಿಸಿದ್ದನ್ನೇ ಕೈಯಿಂದ ಮುಟ್ಟಿಸಿ ಹೆದರಿಕೆ ಇಳಿಸುವುದು. ನಾನು ಹಾಗೇ ಮಾಡಿದೆ. ಜನ ಬಾರದ ಹಾಗೆ ಕಟ್ಟಿದ್ದ ಹಗ್ಗ ದಾಟಿ ಹೋಗಿ ಮಗುವಿನ ಕೈ ಗುರಾಣಿಗೆ ಒತ್ತಿದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ಅವನು ಬೆಚ್ಚುವುದನ್ನು ನನಗೆ ಮತ್ತೊಮ್ಮೆ ನೋಡಬೇಕಿತ್ತು, ಸೊಸೆಗೂ ತೋರಿಸಬೇಕಿತ್ತು. ನಾಟಕಕ್ಕೆ ಹೋಗಿ ಕಲಿತ ಇಂಗ್ಲಿಷು ಬಾಯಿಗೆ ಬಂತು: "ಒನ್ಸ್ ಮೋರ್! ಒನ್ಸ್ ಮೋರ್!"

ಆ ಪುಣ್ಯಾತ್ಮ ನಗುತ್ತಾ ಇನ್ನೂ ಜೋರಾಗಿ ಹೊಡೆದ.

ಮಗು ಚೀರಿದ್ದು ಹೇಗೆ ಹೇಳಲಿ. ಬಿಲ್ಲೆಯನ್ನು ಕಿತ್ತು ಮರಳಿಗೆ ಎಸೆದ. ಗುರಾಣಿಯವನ ನಗು ಹೋಯಿತು. ಮಗ ಮೊಣಕಾಲೂರಿ ಮರಳು ಕೆದಕಿದ, ಸೊಸೆ ಮಗುವನ್ನು ನನ್ನ ಕೈಯಿಂದ ಕಿತ್ತುಕೊಂಡಳು.

"ಅತ್ತೆ, ನಿಮಗೆ ಬುದ್ಧಿ ಉಂಟಾ? ಅವನಿಗೆ ಏನಾದರೂ ಆಗಿದ್ದರೆ?"

ನಾನೂ ಬಗ್ಗಿ ಮಗನ ಜೊತೆ ಮರಳಿನಲ್ಲಿ ಹುಡುಕಿದೆ. ಒಳಗಿನ ಖುಷಿ ಮಾತ್ರ ತಡೆಯಲಾಗುತ್ತಿರಲಿಲ್ಲ.

ಬಿಲ್ಲೆ ಸಿಕ್ಕಿತು. ಕಾರಿನಲ್ಲಿ ಸೊಸೆ ಅದನ್ನು ಒರೆಸಿ, ಹಿಂದೆ ನನ್ನ ಪಕ್ಕ ಕೂತಿದ್ದ ಅವನ ತಲೆಯ ಹತ್ತಿರ ತಂದಳು. ಅವನು ಎರಡೂ ಅಂಗೈ ಕಿವಿಗೆ ಒತ್ತಿ ಮೊಣಕಾಲಿನ ಮೇಲೆ ಬಗ್ಗಿಬಿಟ್ಟ. ಎಷ್ಟು ಮುದ್ದಿಸಿದರೂ ಕೈ ತೆಗೆಯಲಿಲ್ಲ.

"ನೋಡಿ, ಇನ್ನು ಇವನು ಇದನ್ನು ಹತ್ತಿರವೂ ಬಿಡುವುದಿಲ್ಲ" ಎಂದು ಅವಳು ಅತ್ತಳು. "ಎಲ್ಲ ಮುಗಿಯಿತು."

"ಎಂತ ಮುಗಿಯುವುದು ಮಗಾ?" ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ. "ಕೇಳಿಸದವನು ಕಿವಿ ಮುಚ್ಚುತ್ತಾನಾ?"

ಮಗ ಗಾಡಿಯನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದ. ಸ್ಟೀರಿಂಗಿಗೆ ಹಣೆ ಇಟ್ಟ. ಅವನ ಬೆನ್ನು ಅಲುಗುವುದು ಹಿಂದಿನಿಂದ ಕಾಣುತ್ತಿತ್ತು. ಸೊಸೆ ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು ಕೂತಳು.

"ಇವತ್ತು ಬೇಡ" ಎಂದಳು. "ನಾಳೆ ಮೆಲ್ಲ, ಮೆಲ್ಲ ಕರೆದು ನೋಡುವ."

ಮಗು ಕಿವಿ ಮುಚ್ಚಿಕೊಂಡೇ ನಿದ್ದೆ ಹೋಯಿತು. ಆ ಪುಟ್ಟ ಕೈಗಳನ್ನು ಮನೆ ಮುಟ್ಟುವವರೆಗೂ ನಾನು ಬಿಡಿಸಲಿಲ್ಲ.